ಲೆಕ್ಕಕ್ಕುಂಟು, ಆಟಕ್ಕಿಲ್ಲ: ಬೋರ್ಡ್ ರೂಮಿನ ಆ ಒಂದು ಕುರ್ಚಿ

1/8

"ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅನ್ನೋ ಮಾತು ನಮಗೆಲ್ಲ ಗೊತ್ತು. ಚಿಕ್ಕ ತಮ್ಮನ್ನ ಗಲ್ಲಿ ಕ್ರಿಕೆಟ್‌ಗೆ ಸೇರಿಸಿಕೊಳ್ಳೋದು, ಆದ್ರೆ ಅವನು ಹೊಡೆದ ರನ್ ಎಣಿಸದೇ ಇರೋದು. ನಮ್ಮ ಎಷ್ಟೋ ಕುಟುಂಬ ಕಂಪನಿಗಳ ಬೋರ್ಡ್‌ಗಳಲ್ಲಿ ಇದು ಉಲ್ಟಾ ನಡೀತಿದೆ. ಅಲ್ಲಿ ಹೆಣ್ಣುಮಕ್ಕಳು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಕಾಮರ್ಸ್ ಓದ್ತಿರೋರಿಗೆ ಈ ಲೈನ್ ಬಾಯಿಪಾಠ: ಲಿಸ್ಟೆಡ್ ಕಂಪನಿ ಅಂದ್ಮೇಲೆ ಬೋರ್ಡಿನಲ್ಲಿ ಕನಿಷ್ಠ ಒಬ್ಬ ಮಹಿಳಾ ನಿರ್ದೇಶಕಿ ಇರಲೇಬೇಕು. 2013ರ ಕಂಪನಿ ಕಾಯ್ದೆ, 149ನೇ ಸೆಕ್ಷನ್. ಪರೀಕ್ಷೆಲಿ ಎರಡು ಮಾರ್ಕ್ಸ್ ಪ್ರಶ್ನೆ. ಬರೆದು, ಮಾರ್ಕ್ಸ್ ತಗೊಂಡು, ಮರೆತುಬಿಡ್ತೀವಿ.

ಆದ್ರೆ ಆ ಒಬ್ಬರು ಯಾರು? ಅವರನ್ನ ಯಾರು ಆರಿಸಿದ್ರು? ಮೀಟಿಂಗಿಗೆ ಬರ್ತಾರಾ? ಬಂದ್ರೆ ಲೆಕ್ಕದ ಪುಸ್ತಕ ಅವರ ಮುಂದೆ ತೆರೀತಾರಾ, ಇಲ್ಲ ಕಾಫಿ ಬಿಸ್ಕೆಟ್ ಕೊಟ್ಟು ಸಹಿ ತಗೊಂಡು ಕಳಿಸ್ತಾರಾ? ಇದು ಸಿಲಬಸ್‌ನಲ್ಲಿಲ್ಲ.

ನಾನು ಈ ಎಂಟು ಭಾಗಗಳಲ್ಲಿ ಹೇಳೋಕೆ ಹೊರಟಿರೋದು ಒಂದೇ ಮಾತು. ಮನೆತನದ ಕಂಪನಿಗಳಲ್ಲಿ "ಬೋರ್ಡಿನಲ್ಲಿ ಹೆಣ್ಣುಮಕ್ಕಳು" ಅನ್ನೋದು ಒಂದು ವಿಷಯ, "ಪಾರದರ್ಶಕತೆ" ಅನ್ನೋದು ಇನ್ನೊಂದು ವಿಷಯ ಅಂತ ನಾವು ಬೇರೆ ಬೇರೆ ಚಾಪ್ಟರ್ ಓದ್ತೀವಿ. ನನ್ನ ಪ್ರಕಾರ ಎರಡೂ ಒಂದೇ ಪ್ರಶ್ನೆ: ಮನೆಯ ಲೆಕ್ಕ ನೋಡೋ ಹಕ್ಕು ಯಾರಿಗಿದೆ?

ಇದು ದೊಡ್ಡವರ ವಿಷಯ, ನಮಗ್ಯಾಕೆ ಅಂತ ಸ್ಕ್ರೋಲ್ ಮಾಡ್ಬೇಡಿ. 6ನೇ ಭಾಗಕ್ಕೆ ಬರುವಾಗ ಇದು ನಿಮ್ಮ ಮನೆಯ ಬೀರುವಿನಲ್ಲಿರೋ ಫೈಲಿಗೇ ಬಂದು ನಿಲ್ಲಬಹುದು.

2/8

ಮೊದಲು ಕಾನೂನು ಬಂದ ಕಥೆ.

2013ರ ಕಾಯ್ದೆ ಎಲ್ಲ ಲಿಸ್ಟೆಡ್ ಕಂಪನಿಗಳಿಗೂ ಒಬ್ಬ ಮಹಿಳಾ ನಿರ್ದೇಶಕಿ ಕಡ್ಡಾಯ ಅಂತು. ಲಿಸ್ಟ್ ಆಗದ ಪಬ್ಲಿಕ್ ಕಂಪನಿಗಳಲ್ಲೂ 100 ಕೋಟಿ ಪಾವತಿಯಾದ ಬಂಡವಾಳ ಅಥವಾ 300 ಕೋಟಿ ವಹಿವಾಟು ದಾಟಿದವಕ್ಕೆ ಅದೇ ನಿಯಮ. ಸೆಬಿ ಮೊದಲು 2014ರ ಅಕ್ಟೋಬರ್ 1 ಅಂತ ಗಡುವು ಕೊಟ್ಟಿತ್ತು. ಆಮೇಲೆ ಅದನ್ನ 2015ರ ಏಪ್ರಿಲ್ 1ಕ್ಕೆ ಮುಂದೂಡಿತು. ಒಬ್ಬರೇ ಒಬ್ಬರನ್ನ ಹುಡುಕೋಕೆ ದೇಶದ ದೊಡ್ಡ ದೊಡ್ಡ ಕಂಪನಿಗಳಿಗೆ ಇನ್ನೂ ಆರು ತಿಂಗಳು ಟೈಮ್ ಬೇಕಾಯ್ತು!

ಗಡುವು ಹತ್ತಿರ ಬಂದಾಗ ಏನಾಯ್ತು? ಎಷ್ಟೋ ಪ್ರವರ್ತಕರು ಹೊರಗೆ ಹುಡುಕೋ ಗೋಜಿಗೇ ಹೋಗ್ಲಿಲ್ಲ. ಊಟದ ಟೇಬಲ್ ಕಡೆ ತಿರುಗಿ ನೋಡಿದ್ರು. ಹೆಂಡತಿ, ಮಗಳು, ಸೊಸೆ, ತಂಗಿ, ಯಾರೋ ಒಬ್ಬರು ಸಿಕ್ಕರು. ಫಾರ್ಮ್ ತುಂಬಿದ್ರು, ಮುಗೀತು. ರಿಲಯನ್ಸ್ ಇಂಡಸ್ಟ್ರೀಸ್ ಬೋರ್ಡಿಗೆ ನೀತಾ ಅಂಬಾನಿ ಬಂದಿದ್ದು 2014ರ ಜೂನ್‌ನಲ್ಲಿ. ಇದ್ರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ. ಕಾನೂನು "ಮಹಿಳೆ" ಅಂದಿತ್ತೇ ಹೊರತು "ಮನೆಯವರಲ್ಲದ ಮಹಿಳೆ" ಅಂದಿರಲಿಲ್ಲ.

ಈ ಕಿಂಡಿ ಸರ್ಕಾರಕ್ಕೂ ಕಾಣಿಸ್ತು. 2017ರಲ್ಲಿ ಉದಯ್ ಕೋಟಕ್ ಸಮಿತಿ ಶಿಫಾರಸು ಮಾಡಿತು, 2018ರಲ್ಲಿ ಸೆಬಿ ನಿಯಮ ಬದಲಾಯಿಸ್ತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳು 2019ರ ಏಪ್ರಿಲ್ 1ರೊಳಗೆ, ಮೊದಲ 1,000 ಕಂಪನಿಗಳು 2020ರ ಏಪ್ರಿಲ್ 1ರೊಳಗೆ ಕನಿಷ್ಠ ಒಬ್ಬ ಸ್ವತಂತ್ರ ಮಹಿಳಾ ನಿರ್ದೇಶಕಿಯನ್ನ ತಗೋಬೇಕು. ಸ್ವತಂತ್ರ ಅಂದ್ರೆ ಪ್ರವರ್ತಕರ ಸಂಬಂಧಿ ಆಗಿರಬಾರದು, ಕಂಪನಿ ಜೊತೆ ದೊಡ್ಡ ಹಣದ ನಂಟು ಇರಬಾರದು.

ಒಳ್ಳೆ ಹೆಜ್ಜೆ, ಒಪ್ತೀನಿ. ಆದ್ರೆ ಭಾರತದಲ್ಲಿ ಲಿಸ್ಟ್ ಆಗಿರೋ ಕಂಪನಿಗಳೇ ಸಾವಿರಾರು. ಮೊದಲ 1,000ದ ಆಚೆ ಇರೋರಿಗೆ ಹಳೇ ನಿಯಮವೇ. ಅಲ್ಲಿ ಇವತ್ತಿಗೂ ಊಟದ ಟೇಬಲ್ ಸಾಕು.

3/8

ಈಗ ಇದರ ಇನ್ನೊಂದು ಮುಖ. ಬೋರ್ಡಿಗೆ ಬರ್ತೀನಿ ಅಂತ ಮನೆ ಮಗಳೇ ಕೇಳಿದ್ರೆ?

ಹರ್ಕ್ಯುಲಿಸ್ ಸೈಕಲ್ ನೆನಪಿದ್ಯಾ? ಅದನ್ನ ಮಾಡೋದು ಚೆನ್ನೈನ ಮುರುಗಪ್ಪ ಸಮೂಹ. ಚೋಳ ಫೈನಾನ್ಸ್ ಅವರದ್ದೇ. ನಮ್ಮ ಹಳಿಯಾಳದ ಸಕ್ಕರೆ ಕಾರ್ಖಾನೆ ನಡೆಸೋ ಇಐಡಿ ಪ್ಯಾರಿಯೂ ಅವರದ್ದೇ. ನೂರು ವರ್ಷ ದಾಟಿದ, ಒಳ್ಳೆ ಹೆಸರಿರೋ ಮನೆತನ. ಲಿಸ್ಟ್ ಆದ ಈ ಕಂಪನಿಗಳ ಮೇಲೆ ಕುಟುಂಬದ ಹಿಡಿತ ಇಟ್ಟಿರೋದಕ್ಕೆ ಅಂಬಾಡಿ ಇನ್ವೆಸ್ಟ್‌ಮೆಂಟ್ಸ್ ಅನ್ನೋ ಹೋಲ್ಡಿಂಗ್ ಕಂಪನಿ ಇದೆ. ಅದು ಷೇರುಪೇಟೆಯಲ್ಲಿ ಲಿಸ್ಟ್ ಆಗಿಲ್ಲ.

2017ರಲ್ಲಿ ಕುಟುಂಬದ ಹಿರಿಯರಲ್ಲೊಬ್ಬರಾದ ಎಂ.ವಿ. ಮುರುಗಪ್ಪನ್ ತೀರಿಕೊಂಡ್ರು. ಗಂಡುಮಕ್ಕಳಿಲ್ಲ, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು. ಅಂಬಾಡಿಯಲ್ಲಿ ಅವರ ಪಾಲು ಸುಮಾರು ಶೇ. 8. ಹಿರಿಮಗಳು ವಳ್ಳಿ ಅರುಣಾಚಲಂ, ಅಮೆರಿಕದಲ್ಲಿದ್ದ ನ್ಯೂಕ್ಲಿಯರ್ ಎಂಜಿನಿಯರ್. ಅವರು ಕೇಳಿದ್ದು ಇಷ್ಟೇ: ನಮ್ಮ ಶಾಖೆಗೆ ಬೋರ್ಡಿನಲ್ಲಿ ಒಂದು ಸ್ಥಾನ ಕೊಡಿ, ಇಲ್ಲಾಂದ್ರೆ ನ್ಯಾಯವಾದ ಬೆಲೆಗೆ ನಮ್ಮ ಪಾಲು ಕೊಂಡುಕೊಳ್ಳಿ.

2020ರ ಸೆಪ್ಟೆಂಬರ್‌ನಲ್ಲಿ ಷೇರುದಾರರ ವಾರ್ಷಿಕ ಸಭೆ ನಡೀತು. ಅವರ ನೇಮಕದ ವಿರುದ್ಧ ಬಿದ್ದ ಮತ ಶೇ. 91ಕ್ಕೂ ಹೆಚ್ಚು. ಮತ ಹಾಕಿದವರು ಯಾರು? ಬಹುಪಾಲು ಬಂಧು ಬಳಗವೇ. ಆಮೇಲೆ ವಿಷಯ ಕಂಪನಿ ಕಾನೂನು ನ್ಯಾಯಮಂಡಳಿ ಮೆಟ್ಟಿಲು ಹತ್ತಿತು. 2023ರ ಆಗಸ್ಟ್‌ನಲ್ಲಿ ಎರಡೂ ಕಡೆಯವರು ರಾಜಿ ಮಾಡಿಕೊಂಡಿದ್ದೀವಿ ಅಂತ ಪ್ರಕಟಿಸಿದ್ರು.

ಒಳಗೆ ಯಾರದ್ದು ಸರಿ, ಯಾರದ್ದು ತಪ್ಪು ಅಂತ ತೀರ್ಪು ಕೊಡೋಕೆ ನಾನ್ಯಾರೂ ಅಲ್ಲ. ಆದ್ರೆ ಒಂದನ್ನ ಗಮನಿಸಿ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ, 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮಗಳಿಗೂ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ಸ್ಪಷ್ಟ ಮಾಡಿತ್ತು. ನಮ್ಮ ಕರ್ನಾಟಕವಂತೂ 1994ರಲ್ಲೇ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲೇ, ಮದುವೆಯಾಗದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು.

ಆಸ್ತಿಯಲ್ಲಿ ಪಾಲು ಕೊಡಿಸೋಕೆ ಕಾನೂನಿಗೆ ಆಗುತ್ತೆ. ಬೋರ್ಡಿನ ಕುರ್ಚಿ ಮಾತ್ರ ಬಹುಮತದ ಕೈಲಿದೆ. ಷೇರಿಗೆ ತಕ್ಕ ಹಾಗೆ ಪ್ರಾತಿನಿಧ್ಯ ಕೊಡೋಕೆ ಅದೇ ಕಾಯ್ದೆಯ 163ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಆದ್ರೆ ಕಂಪನಿ ತನ್ನ ನಿಯಮಾವಳಿಯಲ್ಲಿ ಬರೆದುಕೊಂಡ್ರೆ ಮಾತ್ರ. ಇಷ್ಟ ಇದ್ರೆ ಉಂಟು, ಇಲ್ಲಾಂದ್ರೆ ಇಲ್ಲ.

4/8

ಹಾಗಾದ್ರೆ ಒಬ್ಬ ಹೆಣ್ಣುಮಗಳು ಬೋರ್ಡಲ್ಲಿ ಇದ್ದುಬಿಟ್ರೆ ಎಲ್ಲ ಸರಿ ಹೋಗುತ್ತಾ? ಅದೂ ಇಲ್ಲ. ಸತ್ಯಂ ನೋಡಿ.

2008ರ ಡಿಸೆಂಬರ್ 16. ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಬೋರ್ಡು 160 ಕೋಟಿ ಡಾಲರ್ ಕೊಟ್ಟು ಮೇಟಾಸ್ ಹೆಸರಿನ ಎರಡು ಕಂಪನಿಗಳನ್ನ ಕೊಳ್ಳೋಕೆ ಒಪ್ಪಿಗೆ ಕೊಡ್ತು. ಸಾಫ್ಟ್‌ವೇರ್ ಕಂಪನಿಗೆ ರಿಯಲ್ ಎಸ್ಟೇಟ್ ಯಾಕೆ? ಉತ್ತರ ಹೆಸರಲ್ಲೇ ಇತ್ತು. ಇಂಗ್ಲಿಷಿನಲ್ಲಿ "ಸತ್ಯಂ" ಅಕ್ಷರಗಳನ್ನ ಹಿಂದುಮುಂದು ಬರೆದ್ರೆ "ಮೇಟಾಸ್". ಅವು ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬದ ಕಂಪನಿಗಳು. ಹೂಡಿಕೆದಾರರು ಬೊಬ್ಬೆ ಹೊಡೆದ ಮೇಲೆ ಗಂಟೆಗಳ ಒಳಗೆ ನಿರ್ಧಾರ ವಾಪಸ್ ಆಯ್ತು. 2009ರ ಜನವರಿ 7ರಂದು ರಾಜು ಅವರೇ ಪತ್ರ ಬರೆದು ಒಪ್ಪಿಕೊಂಡ್ರು: ಪುಸ್ತಕದಲ್ಲಿ ತೋರಿಸಿದ್ದ ನಗದಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ.

ಆ ಬೋರ್ಡಿನಲ್ಲಿ ದೊಡ್ಡ ದೊಡ್ಡ ಹೆಸರುಗಳಿದ್ದವು. ಹಾರ್ವರ್ಡ್ ಪ್ರೊಫೆಸರ್ ಇದ್ರು. ಮಂಗಳಂ ಶ್ರೀನಿವಾಸನ್ ಅನ್ನೋ ಸ್ವತಂತ್ರ ನಿರ್ದೇಶಕಿಯೂ ಇದ್ರು, ಅದೂ ಕಾನೂನು ಕಡ್ಡಾಯ ಮಾಡೋಕೆ ಎಷ್ಟೋ ವರ್ಷ ಮೊದಲೇ. ಮೇಟಾಸ್ ಗಲಾಟೆ ಆದ ಮೇಲೆ ರಾಜೀನಾಮೆ ಕೊಟ್ಟವರಲ್ಲಿ ಅವರು ಮೊದಲಿಗರು. ಪ್ರಶ್ನೆ ಎತ್ತಿದ್ದೆ, ಆದ್ರೆ ವಿರುದ್ಧ ಮತ ಹಾಕಲಿಲ್ಲ ಅನ್ನೋ ಅರ್ಥದಲ್ಲಿ ಹೊಣೆ ಹೊತ್ತುಕೊಂಡ್ರು.

ನನಗೆ ಈ ಇಡೀ ಪ್ರಕರಣದಲ್ಲಿ ಮನಸ್ಸಿಗೆ ನಾಟಿದ್ದು ಇದೇ. ಸಂಶಯ ಇತ್ತು. ಮಾತೂ ಬಂತು. ಕೈ ಮಾತ್ರ ಮೇಲೇಳಲಿಲ್ಲ. ಅವರೊಬ್ಬರದ್ದೇ ಅಲ್ಲ, ಯಾರದ್ದೂ ಏಳಲಿಲ್ಲ. ಎಲ್ಲರೂ ಹೂಂ ಅಂತಿರೋ ಕೋಣೆಯಲ್ಲಿ ಒಬ್ಬರೇ ಊಹೂಂ ಅನ್ನೋದು ಎಷ್ಟು ಕಷ್ಟ ಅಂತ, ಕ್ಲಾಸಲ್ಲಿ "ಯಾರಿಗಾದ್ರೂ ಡೌಟ್ ಇದ್ಯಾ?" ಅಂದಾಗ ತಲೆ ತಗ್ಗಿಸಿ ಕೂತ ನಮಗೆ ಗೊತ್ತಿರಲೇಬೇಕು.

ಅದಕ್ಕೇ ಹೇಳೋದು, ಒಂದು ಕುರ್ಚಿ ಸಾಲದು. ಹೆಣ್ಣಾಗಲಿ ಗಂಡಾಗಲಿ, ಒಂಟಿ ದನಿ ಸುಲಭವಾಗಿ ಮುಳುಗುತ್ತೆ. 2003ರಲ್ಲಿ ನಾರ್ವೆ ಶೇ. 40 ಅಂತ ಕಾನೂನು ಮಾಡಿದ್ದು, 2022ರಲ್ಲಿ ಯುರೋಪಿಯನ್ ಒಕ್ಕೂಟ ದೊಡ್ಡ ಲಿಸ್ಟೆಡ್ ಕಂಪನಿಗಳಿಗೆ 2026ರ ಜೂನ್ ಗಡುವು ಹಾಕಿ ಕಾರ್ಯನಿರ್ವಾಹಕರಲ್ಲದ ನಿರ್ದೇಶಕರಲ್ಲಿ ಶೇ. 40 ಗುರಿ ಇಟ್ಟಿದ್ದು ಸುಮ್ಮನೆ ಅಲ್ಲ. ನಾವು ಇನ್ನೂ "ಒಬ್ಬರು" ಅನ್ನೋದರಲ್ಲೇ ಇದ್ದೀವಿ.

5/8

ಈಗ ನಮ್ಮೂರ ಕಡೆ ಬರೋಣ. ಕಾಫಿ ಡೇ.

ಮಾಳವಿಕಾ ಹೆಗ್ಡೆ ಅವರ ರೀಲ್ಸ್ ನಿಮ್ಮೆಲ್ಲರ ಫೀಡಿಗೂ ಬಂದಿರುತ್ತೆ. 2019ರ ಜುಲೈನಲ್ಲಿ ಪತಿ ಸಿದ್ಧಾರ್ಥ ತೀರಿಕೊಂಡ್ರು. ಬೆಟ್ಟದಷ್ಟು ಸಾಲ. 2020ರ ಡಿಸೆಂಬರ್‌ನಲ್ಲಿ ಮಾಳವಿಕಾ ಸಿಇಒ ಆದ್ರು. ಸಾಲ ಇಳೀತು, ಕಂಪನಿ ಉಳೀತು. ಹಿನ್ನೆಲೆಯಲ್ಲಿ ಮ್ಯೂಸಿಕ್, ಕೊನೆಗೆ "ನಾರಿ ಶಕ್ತಿ".

ಅವರ ಧೈರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. ಅಂಥ ದುಃಖದಲ್ಲಿ ಅಂಥ ಹೊಣೆ ಹೊರೋದು ಹುಡುಗಾಟ ಅಲ್ಲ. ಆದ್ರೆ ರೀಲ್ಸ್ ಎರಡು ವಿಷಯ ಬಿಟ್ಟುಬಿಡುತ್ತೆ.

ಒಂದು, ಸಾಲದ ದೊಡ್ಡ ಭಾಗ ಇಳಿದಿದ್ದು ಆಸ್ತಿ ಮಾರಿ. ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಮಾರಾಟ ಅದರಲ್ಲಿ ಮುಖ್ಯವಾದದ್ದು. ಅದು ನಡೆದದ್ದು ಅವರು ಸಿಇಒ ಆಗೋಕೆ ಮೊದಲೇ.

ಎರಡನೇದು ಇನ್ನೂ ಮುಖ್ಯ. 2023ರ ಜನವರಿಯಲ್ಲಿ ಸೆಬಿ ಕಾಫಿ ಡೇ ಎಂಟರ್‌ಪ್ರೈಸಸ್ ಮೇಲೆ 26 ಕೋಟಿ ದಂಡ ಹಾಕಿತು. ಸೆಬಿ ಆದೇಶದ ಪ್ರಕಾರ ಏಳು ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಅನ್ನೋ ಪ್ರವರ್ತಕರ ನಂಟಿನ ಕಂಪನಿಗೆ ಹೋಗಿತ್ತು. ಅಂದ್ರೆ ಸಾರ್ವಜನಿಕರ ದುಡ್ಡಿರೋ ಲಿಸ್ಟೆಡ್ ಕಂಪನಿಯ ಮನೆಯಿಂದ, ಪಕ್ಕದಲ್ಲಿರೋ ಖಾಸಗಿ ಮನೆಗೆ.

ಮಾಳವಿಕಾ ಸಿಇಒ ಆಗೋ ಮೊದಲೂ ಅದೇ ಬೋರ್ಡಿನಲ್ಲಿ ನಿರ್ದೇಶಕಿ ಆಗಿದ್ರು. ಹೆಣ್ಣುಮಗಳು ಬೇಕು ಅನ್ನೋ ಕಾನೂನಿನ ಲೆಕ್ಕದಲ್ಲಿ ಬೋರ್ಡು ಪಾಸ್. ಆದ್ರೆ ಹಣ ಹರಿಯೋದನ್ನ ಆ ಬೋರ್ಡು ತಡೀಲಿಲ್ಲ. ನಾನು ಕೇಳ್ತಿರೋದು ಅವರೊಬ್ಬರನ್ನಲ್ಲ, ಆ ಟೇಬಲ್ ಸುತ್ತ ಕೂತಿದ್ದ ಎಲ್ಲರನ್ನೂ. ಅಂಗಸಂಸ್ಥೆಗಳ ಲೆಕ್ಕ ಯಾರ ಮುಂದೆ ಬರ್ತಿತ್ತು? ಯಾರು ಓದ್ತಿದ್ರು?

ಒಬ್ಬ ಹೆಣ್ಣುಮಗಳನ್ನ ಮುಳುಗೋ ದೋಣಿ ಎತ್ತೋಕೆ ಕರೆದು ಆಮೇಲೆ ಚಪ್ಪಾಳೆ ಹೊಡೆಯೋದು ಸುಲಭ. ತೂತು ಬೀಳೋ ಹೊತ್ತಿಗೇ ಅವಳ ಕೈಗೆ ಲೆಕ್ಕ ಕೊಡೋದು ಕಷ್ಟ. ನಮಗೆ ಬೇಕಿರೋದು ಎರಡನೇದು.

6/8

ಲಿಸ್ಟೆಡ್ ಕಂಪನಿ ಸಾಕು. ಈಗ ನಮ್ಮ ಬೀದಿಗೆ.

ನಮ್ಮ ಸುತ್ತ ಇರೋ ರೈಸ್ ಮಿಲ್, ಪ್ರಿಂಟಿಂಗ್ ಪ್ರೆಸ್, ಟ್ರಾನ್ಸ್‌ಪೋರ್ಟ್, ಜವಳಿ ಅಂಗಡಿ, ಗಾರ್ಮೆಂಟ್ಸ್ ಯೂನಿಟ್‌ಗಳಲ್ಲಿ ಎಷ್ಟೋ "ಪ್ರೈವೇಟ್ ಲಿಮಿಟೆಡ್" ಅಂತ ಬೋರ್ಡು ಹಾಕಿಕೊಂಡಿರ್ತವೆ. ಮಹಿಳಾ ನಿರ್ದೇಶಕಿ ನಿಯಮ ಇವುಗಳಿಗೆ ಅನ್ವಯ ಆಗಲ್ಲ. ಆದ್ರೂ ಇವುಗಳಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟೊಂದು ಸಿಗುತ್ತೆ, ಯಾಕೆ ಗೊತ್ತಾ?

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು. ಒಬ್ಬರು ಅಪ್ಪ. ಇನ್ನೊಬ್ಬರು? "ಅಮ್ಮನ ಹೆಸರು ಹಾಕಿ ಸಾರ್." ಅಷ್ಟೇ.

ಅಮ್ಮನ ಪ್ಯಾನ್, ಆಧಾರ್, ಫೋಟೋ ಆಡಿಟರ್ ಆಫೀಸಿಗೆ ಹೋಗುತ್ತೆ. ನಿರ್ದೇಶಕರ ಗುರುತಿನ ನಂಬರ್ ಬರುತ್ತೆ. ಪೆನ್ ಡ್ರೈವ್ ಥರದ ಒಂದು ಡಿಜಿಟಲ್ ಸಹಿ ಟೋಕನ್ ಬರುತ್ತೆ. ಎಷ್ಟೋ ಕಡೆ ಅದು ಆಡಿಟರ್ ಡ್ರಾಯರಿನಲ್ಲೇ ಇರುತ್ತೆ. ಅಮ್ಮನ ಸಹಿ ಬೀಳ್ತಾ ಇರುತ್ತೆ, ಅಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ಹಾಕ್ತಾ ಇರ್ತಾರೆ. ಹಿಂದೆ ಹೆಬ್ಬೆಟ್ಟು ಒತ್ತಿಸಿಕೊಳ್ತಿದ್ರು ಅಂತ ನಾವು ಅಜ್ಜಿ ಕಾಲದ ಬಗ್ಗೆ ಮರುಗ್ತೀವಲ್ಲ, ಇದು ಅದೇ. ಬರೀ ಹೈಟೆಕ್ ಆಗಿದೆ.

ಇದ್ರಲ್ಲಿ ತಮಾಷೆ ಏನೂ ಇಲ್ಲ, ಯಾಕಂದ್ರೆ ಹೊಣೆ ನಿಜವಾದದ್ದು. ಕಂಪನಿ ಸತತ ಮೂರು ವರ್ಷ ವಾರ್ಷಿಕ ಲೆಕ್ಕ ಸಲ್ಲಿಸದಿದ್ರೆ ಅದರ ನಿರ್ದೇಶಕರೆಲ್ಲ ಐದು ವರ್ಷ ಅನರ್ಹ. 2017ರಲ್ಲಿ ಕೇಂದ್ರ ಸರ್ಕಾರ ಹೀಗೆ ಒಮ್ಮೆಲೇ 3 ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನ ಅನರ್ಹಗೊಳಿಸಿತ್ತು. ಕಂಪನಿ ಚೆಕ್ಕಿಗೆ ಅಮ್ಮನ ಸಹಿ ಇದ್ದು ಅದು ಬೌನ್ಸ್ ಆದ್ರೆ, ನೋಟಿಸ್ ಅಮ್ಮನ ಹೆಸರಿಗೂ ಬರುತ್ತೆ. ಬ್ಯಾಂಕ್ ಸಾಲಕ್ಕೆ ವೈಯಕ್ತಿಕ ಗ್ಯಾರಂಟಿ ಬರೆದುಕೊಟ್ಟಿದ್ರೆ, ಕಂಪನಿ ಮುಳುಗಿದ್ರೂ ಬ್ಯಾಂಕ್ ಅಮ್ಮನ ಹೆಸರಿನಲ್ಲಿರೋ ಮನೆವರೆಗೂ ಬರಬಹುದು.

ಅಧಿಕಾರ ಇಲ್ಲ, ಮಾಹಿತಿ ಇಲ್ಲ, ಹೊಣೆ ಮಾತ್ರ ಪೂರ್ತಿ. ಲೆಕ್ಕಕ್ಕುಂಟು, ಆಟಕ್ಕಿಲ್ಲ ಅಂದಿದ್ದು ಇದನ್ನೇ. ಅಪ್ಪಂದಿರು ಮೋಸ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ಬಹಳಷ್ಟು ಅಪ್ಪಂದಿರಿಗೆ ಇದೊಂದು ವಿಷಯ ಅಂತಲೇ ಅನಿಸಿರಲ್ಲ. "ಅವಳಿಗ್ಯಾಕೆ ತಲೆನೋವು" ಅಂತ ಪ್ರೀತಿಯಿಂದಲೇ ಹೇಳಿರ್ತಾರೆ. ಆದ್ರೆ ಆ ತಲೆನೋವು ಬರೋ ದಿನ, ಔಷಧ ಯಾವ ಡಬ್ಬಿಯಲ್ಲಿದೆ ಅಂತಲೂ ಅವರಿಗೆ ಗೊತ್ತಿರಲ್ಲ.

7/8

ಇದನ್ನೆಲ್ಲ ಹೇಳಿದ್ರೆ ಬರೋ ಪ್ರಶ್ನೆಗಳು ಮೂರು. ಕಾಮೆಂಟಿನಲ್ಲಿ ಕೇಳೋ ಮೊದಲೇ ಉತ್ತರ ಕೊಡ್ತೀನಿ.

"ಅರ್ಹತೆ ನೋಡಿ ತಗೋಬೇಕು, ಹೆಣ್ಣು ಅಂತಲ್ಲ." ಸರಿ. ಹಾಗಾದ್ರೆ ಮಗ ಡಿಗ್ರಿ ಮುಗಿಸಿದ ಮರುದಿನ ಬೋರ್ಡಿಗೆ ಬಂದಾಗ ಅರ್ಹತೆ ಪ್ರಶ್ನೆ ಯಾಕೆ ಏಳಲ್ಲ? ಮನೆತನದ ಕಂಪನಿಯಲ್ಲಿ ಹುಟ್ಟೇ ಅರ್ಹತೆ ಅನ್ನೋದಾದ್ರೆ ಮಗಳೂ ಅದೇ ಮನೆಯಲ್ಲೇ ಹುಟ್ಟಿರೋದು. ಹುಟ್ಟು ಅರ್ಹತೆ ಅಲ್ಲ ಅನ್ನೋದಾದ್ರೆ ಇಬ್ಬರಿಗೂ ಒಂದೇ ಪರೀಕ್ಷೆ ಇಡಿ.

"ಮನೆಯ ಹೆಣ್ಣುಮಕ್ಕಳೇ ಬೋರ್ಡಿಗೆ ಬಂದ್ರೆ ತಪ್ಪೇನು?" ತಪ್ಪೇನೂ ಇಲ್ಲ. ಅಪೋಲೋ ಆಸ್ಪತ್ರೆಗಳನ್ನ ಪ್ರತಾಪ್ ರೆಡ್ಡಿ ಅವರ ನಾಲ್ವರು ಹೆಣ್ಣುಮಕ್ಕಳು ವರ್ಷಗಟ್ಟಲೆ ದುಡಿದು ನಡೆಸ್ತಿದ್ದಾರೆ. ರೋಶನಿ ನಾಡಾರ್ 2020ರಲ್ಲಿ ಎಚ್‌ಸಿಎಲ್ ಟೆಕ್ ಅಧ್ಯಕ್ಷೆ ಆದ್ರು. ಅವರು ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು. ಆದ್ರೆ ಮನೆ ಮಗಳು ಎಷ್ಟೇ ಜಾಣೆ ಆಗಿರಲಿ, ಅವಳು ಮಾಲೀಕರ ಕಡೆಯವಳು. ಮಾಲೀಕರನ್ನ ಪ್ರಶ್ನಿಸೋಕೆ ಹೊರಗಿನವರು ಬೇಕು. ಎರಡೂ ಬೇಕು. ಒಂದನ್ನ ತೋರಿಸಿ ಇನ್ನೊಂದರ ಲೆಕ್ಕ ಚುಕ್ತಾ ಮಾಡೋದು ತಪ್ಪು.

"ಮೀಸಲಾತಿ ಕೊಟ್ರೆ ಡಮ್ಮಿಗಳೇ ಬರ್ತಾರೆ." ಇದಕ್ಕೆ ನಮ್ಮ ಗ್ರಾಮ ಪಂಚಾಯಿತಿ ನೋಡಿ. ಹೆಂಡತಿ ಅಧ್ಯಕ್ಷೆ, ಗಂಡ "ಅಧ್ಯಕ್ಷರ ಯಜಮಾನ್ರು". ಮೀಟಿಂಗಲ್ಲಿ ಕೂತು ಮಾತಾಡೋದು ಅವರೇ. ನಕ್ಕಿದ್ದೀವಿ, ಜೋಕ್ ಮಾಡಿದ್ದೀವಿ. ಈಗಲೂ ಎಷ್ಟೋ ಕಡೆ ಹಾಗೇ ಇದೆ. ಆದ್ರೆ ಅದೇ ಪಂಚಾಯಿತಿಗಳಲ್ಲಿ, ಎರಡನೇ ಸಲ ಗೆದ್ದು ಬಂದು, ಪಿಡಿಒ ಮುಂದೆ ಬಿಲ್ ಹಿಡಿದು "ಇದು ಯಾವ ಕೆಲಸದ ದುಡ್ಡು?" ಅಂತ ಕೇಳೋ ಹೆಣ್ಣುಮಕ್ಕಳೂ ಇದ್ದಾರೆ. ಕುರ್ಚಿ ಸಿಗದೇ ಇದ್ದಿದ್ರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಡಮ್ಮಿ ಅನ್ನೋದು ಹೆಣ್ಣಿನ ಗುಣ ಅಲ್ಲ. ಮಾಹಿತಿ ಕೊಡದೇ ಕೂರಿಸಿದ್ರೆ ಯಾರೇ ಆದ್ರೂ ಡಮ್ಮಿನೇ.

8/8

ಹಾಗಾದ್ರೆ ಏನು ಮಾಡ್ಬೇಕು?

ಸರ್ಕಾರದಿಂದ ನಾನು ಕೇಳೋದು ಎರಡು. ಸ್ವತಂತ್ರ ಮಹಿಳಾ ನಿರ್ದೇಶಕಿ ನಿಯಮ ಮೊದಲ 1,000ಕ್ಕೆ ನಿಲ್ಲದೆ ಎಲ್ಲ ಲಿಸ್ಟೆಡ್ ಕಂಪನಿಗಳಿಗೂ ಬರಲಿ, ಮತ್ತು "ಕನಿಷ್ಠ ಒಬ್ಬರು" ಅನ್ನೋದು ಹಂತಹಂತವಾಗಿ ಮೂರನೇ ಒಂದು ಭಾಗಕ್ಕೆ ಏರಲಿ. ಹಾಗೇ, ಲಿಸ್ಟೆಡ್ ಕಂಪನಿಗಳನ್ನ ಹಿಡಿದಿಟ್ಟಿರೋ ಕುಟುಂಬದ ಹೋಲ್ಡಿಂಗ್ ಕಂಪನಿಗಳಿಗೂ ಅದೇ ಬೆಳಕು ಬೀಳಲಿ. ಮನೆಯ ಜಗಲಿಗೆ ಲೈಟ್ ಹಾಕಿ ಒಳಗಿನ ಕೋಣೆ ಕತ್ತಲೆ ಇಟ್ರೆ ಏನು ಬಂತು?

ಇನ್ನು ನಾವು. ಕ್ಯಾಂಪಸ್ ಪ್ಲೇಸ್‌ಮೆಂಟಿಗೆ ಯಾವುದಾದ್ರೂ ಲಿಸ್ಟೆಡ್ ಕಂಪನಿ ಬಂದ್ರೆ, ಅಥವಾ ಮೊದಲ ಸ್ಟೈಪೆಂಡ್ ದುಡ್ಡಲ್ಲಿ ಷೇರು ತಗೊಳ್ಳೋ ಮನಸ್ಸಾದ್ರೆ, ಅದರ ವಾರ್ಷಿಕ ವರದಿ ಡೌನ್‌ಲೋಡ್ ಮಾಡಿ. ಷೇರು ವಿನಿಮಯ ಕೇಂದ್ರಗಳ ವೆಬ್‌ಸೈಟಲ್ಲಿ ಫ್ರೀ. ಮುನ್ನೂರು ಪುಟ ಓದೋದು ಬೇಡ. "ಕಾರ್ಪೊರೇಟ್ ಗವರ್ನೆನ್ಸ್ ವರದಿ" ಅನ್ನೋ ಭಾಗಕ್ಕೆ ಹೋಗಿ, ಈ ನಾಲ್ಕನ್ನ ನೋಡಿ:

▪️ ನಿರ್ದೇಶಕಿ ಎಷ್ಟು ಮೀಟಿಂಗಿಗೆ ಬಂದಿದ್ದಾರೆ? ಹಾಜರಿ ಪಟ್ಟಿ ಅಲ್ಲೇ ಇರುತ್ತೆ. ನಮಗೆ ಶೇ. 75 ಅಟೆಂಡೆನ್ಸ್ ಕೇಳ್ತಾರೆ, ಅವರಿಗೂ ಕೇಳೋಣ.
▪️ ನಿರ್ದೇಶಕರಲ್ಲಿ ಯಾರಿಗೆ ಯಾರು ಸಂಬಂಧ? ಇದನ್ನ ಬರೆಯೋದು ಕಡ್ಡಾಯ.
▪️ ಆಡಿಟ್ ಕಮಿಟಿಯಲ್ಲಿ ಅವರಿದ್ದಾರಾ? ಲೆಕ್ಕ ಮೊದಲು ತೆರೆಯೋದು ಅಲ್ಲೇ. ಅಲ್ಲಿಲ್ಲ ಅಂದ್ರೆ ಅರ್ಧ ಆಟದಿಂದ ಹೊರಗೆ ಅಂತ ಅರ್ಥ.
▪️ ರಿಲೇಟೆಡ್ ಪಾರ್ಟಿ ವ್ಯವಹಾರ. ಹಣಕಾಸು ಪಟ್ಟಿಯ ಟಿಪ್ಪಣಿಗಳಲ್ಲಿ ಸಿಗುತ್ತೆ. ಕಂಪನಿ ದುಡ್ಡು ಪ್ರವರ್ತಕರ ಬೇರೆ ಕಂಪನಿಗಳಿಗೆ ಬಾಡಿಗೆ, ಸಾಲ, ಮುಂಗಡ ಅಂತ ಎಷ್ಟು ಹೋಗಿದೆ? ವರ್ಷದಿಂದ ವರ್ಷಕ್ಕೆ ಏರ್ತಿದ್ಯಾ?

ಪ್ರೈವೇಟ್ ಕಂಪನಿ ಆದ್ರೆ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿ ಅದು ಸಲ್ಲಿಸಿರೋ ದಾಖಲೆ ನೋಡಬಹುದು. ಒಂದು ಮಸಾಲೆದೋಸೆ ಕಾಫಿ ಖರ್ಚು.

ಕೊನೇದು, ಮನೆ ವಿಷಯ. ನಿಮ್ಮ ಅಮ್ಮ, ಅಕ್ಕ, ಅತ್ತಿಗೆ ಯಾವುದಾದ್ರೂ ಕಂಪನಿಯಲ್ಲಿ ನಿರ್ದೇಶಕಿ ಆಗಿದ್ರೆ ಈ ವಾರ ಅವರ ಜೊತೆ ಕೂತು ಮೂರು ವಿಷಯ ತಿಳ್ಕೊಳ್ಳಿ. ಡಿಜಿಟಲ್ ಸಹಿ ಟೋಕನ್ ಯಾರ ಹತ್ರ ಇದೆ? ಕಳೆದ ವರ್ಷದ ಲೆಕ್ಕ ಸಲ್ಲಿಕೆ ಆಗಿದ್ಯಾ? ಯಾವ ಸಾಲಕ್ಕೆ ಅವರ ಗ್ಯಾರಂಟಿ ಇದೆ? ಜಗಳ ಬೇಡ, ಅನುಮಾನ ಬೇಡ. "ಅಪ್ಪಾ, ನಾನು ಕಾಲೇಜಲ್ಲಿ ಇದನ್ನೇ ಓದ್ತಿದ್ದೀನಿ, ಸ್ವಲ್ಪ ತೋರಿಸಿ" ಅಂದ್ರೆ ಎಷ್ಟೋ ಅಪ್ಪಂದಿರು ಖುಷಿಯಿಂದಲೇ ತೋರಿಸ್ತಾರೆ.

ಹುಡುಗೀರೇ, ನಾಳೆ ನಿಮ್ಮ ಮುಂದೂ ಒಂದು ಫಾರ್ಮ್ ಬರುತ್ತೆ. ತವರಲ್ಲಿ ಬರಬಹುದು, ಗಂಡನ ಮನೆಯಲ್ಲಿ ಬರಬಹುದು. "ಇಲ್ಲೊಂದು ಸಹಿ ಹಾಕಮ್ಮ" ಅಂತಾರೆ. ಹಾಕಿ, ಆದ್ರೆ ಓದಿ ಹಾಕಿ. ಹುಡುಗರೇ, ಆ ಫಾರ್ಮ್ ಹಿಡ್ಕೊಂಡು ಬರೋರು ನೀವಾಗಿದ್ರೆ, ಜೊತೆಗೆ ಲೆಕ್ಕದ ಪುಸ್ತಕವನ್ನೂ ತನ್ನಿ.

ಸೇವ್ ಮಾಡ್ಕೊಳ್ಳಿ, ಮನೆ ಗ್ರೂಪಿಗೂ ಕಳಿಸಿ. ಒಪ್ಪದೇ ಇರೋರು ಕಾಮೆಂಟಿನಲ್ಲಿ ಬನ್ನಿ, ಮಾತಾಡೋಣ.

#ಲೆಕ್ಕಕ್ಕೂಉಂಟುಆಟಕ್ಕೂಉಂಟು #ಕಾಮರ್ಸ್‌ಕನ್ನಡದಲ್ಲಿ #ಓದಿಸಹಿಹಾಕಿ